ನಾಲ್ಕು ಕಡ್ಡಿಯ ಪ್ಲಗ್ಗು

ರಘುಗೆ ಬೀರು ಕುದಿಸುವ ಕರೆಂಟಿನ ಬಾಯ್ಲರು ಕಟ್ಟಿಕೊಟ್ಟವಳು ನಾನೇ. ಹಾಗಾಗಿ ಯಾರನ್ನೂ ಬೈಯುವ ಹಾಗಿಲ್ಲ, ಬೈಯುವ ಬಾಯಿ ನನಗೆ ಚೆನ್ನಾಗಿಯೇ ಇದ್ದರೂ.

ನನ್ನ ಗಂಡ ರಘೋತ್ತಮ ಆರು ವರ್ಷದಿಂದ ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯ ಹಿತ್ತಲಲ್ಲಿ ಗ್ಯಾಸ್ ಒಲೆ ಇಟ್ಟುಕೊಂಡು ಬೀರು ಮಾಡುತ್ತಿದ್ದ. ಮಾಡುವುದೇನು ಮಹಾ, ಬಾರ್ಲಿ ಗಂಜಿ ಬಸಿದು, ಹಾಪ್ಸ್ ಅನ್ನುವ ಕಹಿ ಹೂವು ಹಾಕಿ ಒಂದು ಗಂಟೆ ಕುದಿಸಿ, ಆರಿಸಿ, ಈಸ್ಟ್ ಬೆರೆಸಿ ಮೂರು ವಾರ ಮುಚ್ಚಿಡುವುದು. ಮೈಸೂರಿನಿಂದ ಬಂದಿದ್ದ ನಮ್ಮಮ್ಮ ವಾಸನೆ ನೋಡಿ, "ಯಾರಿಗೆ ಕಷಾಯ?" ಅಂತ ಕೇಳಿದ್ದರು. ಅಳಿಯನಿಗೆ ಕೆಮ್ಮು ಅಂದಿದ್ದೆ. ನಾನು ಒಂದು ತೊಟ್ಟೂ ಕುಡಿಯುವವಳಲ್ಲ. ಆದರೆ ಆ ಶನಿವಾರಗಳೆಂದರೆ ನನಗೆ ಪ್ರಾಣ. ಗಂಜಿ ತಿರುವುತ್ತಾ ಅವನು ಮಾತಾಡುತ್ತಿದ್ದ. ವಾರವಿಡೀ ಸ್ಯಾನ್ ಮಟಿಯೋದ ಆಫೀಸಿನಲ್ಲಿ ಮಾತು ಸುರಿದು ಬರುವ ಮನುಷ್ಯ, ಆ ಒಂದು ದಿನ ನನಗೂ ಸ್ವಲ್ಪ ಉಳಿಸಿಕೊಂಡಿರುತ್ತಿದ್ದ.

ಈ ವರ್ಷ ಜೂನಿನಲ್ಲಿ ಕಾಲೊನಿಯ ಸಂಘದಿಂದ ಕಾಗದ ಬಂತು. ಗುಡ್ಡದ ಹುಲ್ಲು ಒಣಗಿದೆ, ಹಿತ್ತಲಲ್ಲಿ ಬೆಂಕಿ ಕೂಡದು. ರಘು ಒಲೆ ಎತ್ತಿಟ್ಟ, ಜೊತೆಗೆ ಮಾತನ್ನೂ ಎತ್ತಿಟ್ಟ. ಮಗಳು ವಿಭಾ ಎರಡು ವರ್ಷದ ಹಿಂದೆಯೇ ಡೇವಿಸ್‌ಗೆ ಓದಲು ಹೋಗಿದ್ದಳು. ಮನೆಯಲ್ಲಿ ಸದ್ದು ಮಾಡುವುದು ಡಿಶ್‌ವಾಷರು ಒಂದೇ ಆಯಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಮ್ಮಲ್ಲಿ ಜಗಳವೇ ನಿಂತು ಎರಡು ವರ್ಷವಾಗಿತ್ತು. ನಾನು ಪೆದ್ದಿ, ಅದನ್ನು ನೆಮ್ಮದಿ ಅಂದುಕೊಂಡಿದ್ದೆ.

ಸೆಪ್ಟೆಂಬರಿನಲ್ಲಿ ಒಂದು ದಿನ ಊಟದ ಮಧ್ಯೆ ಹೇಳಿದೆ: "ಬೆಂಕಿ ತಾನೇ ಬೇಡ ಅಂದಿರೋದು? ಕರೆಂಟಲ್ಲಿ ಕುದಿಸೋಣ. ನಾನು ಕಟ್ಟಿಕೊಡ್ತೀನಿ."

ನಾನು ಕಾರು ಚಾರ್ಜರುಗಳ ಎಂಜಿನಿಯರು. ಕರೆಂಟು ನನ್ನ ಮಾತು ಕೇಳುತ್ತದೆ. ಆ ಪಾತ್ರೆ ಕುದಿದರೆ ಶನಿವಾರಗಳು ವಾಪಸು ಬರುತ್ತವೆ, ಶನಿವಾರಗಳು ಬಂದರೆ ಅವನೂ ಬರುತ್ತಾನೆ ಅನ್ನುವುದು ನನ್ನ ಎಣಿಕೆ. ಐವತ್ತು ಲೀಟರಿನ ಸ್ಟೀಲ್ ಪಾತ್ರೆ ತಂದೆ. ಐದೂವರೆ ಸಾವಿರ ವ್ಯಾಟಿನ ಎಲಿಮೆಂಟು ತಂದೆ. ಪಾತ್ರೆಗೆ ತೂತು ಕೊರೆಯುವಾಗ ರಘು ಅದನ್ನು ಎದೆಗವಚಿ ಹಿಡಿದುಕೊಂಡು ಡ್ರಿಲ್ಲಿಗೆ ತೊಟ್ಟು ತೊಟ್ಟಾಗಿ ಎಣ್ಣೆ ಬಿಡುತ್ತಿದ್ದ. ಗ್ಯಾರೇಜಿನಲ್ಲಿ ಬಟ್ಟೆ ಒಣಗಿಸುವ ಡ್ರೈಯರಿನ ಪ್ಲಗ್ಗು ಕಿತ್ತು, ಅದೇ ಜಾಗಕ್ಕೆ ಬಾಯ್ಲರಿನ ನಾಲ್ಕು ಕಡ್ಡಿಯ ಪ್ಲಗ್ಗು ಚುಚ್ಚಿದೆ. ಒದ್ದೆ ಬಟ್ಟೆಗಳೆಲ್ಲ ಹಗ್ಗದ ಮೇಲೆ ನೇತಾಡಿದವು.

"ಇಷ್ಟೆಲ್ಲಾ ಯಾಕ್ ಮಾಡ್ತಿದೀಯ ರಮಾ?" ಅಂತ ಒಂದು ಸಲ ಕೇಳಿದ.

"ಇನ್ಯಾರು ಮಾಡ್ತಾರೆ, ನಿಮ್ಮತ್ತೆನಾ?"

ನಕ್ಕ. ಆಮೇಲೆ ಏನೋ ಹೇಳಲು ಹೊರಟು ಸುಮ್ಮನಾದ. ಮಾತು ಮರಳಿ ಬರುತ್ತಿದೆ, ಗಂಟಲ ತನಕ ಬಂದಿದೆ ಅಂತ ನಾನು ಒಳಗೊಳಗೇ ಹಿಗ್ಗಿದೆ.

ಬಾಯ್ಲರು ಮುಗಿಯುವುದಕ್ಕೂ ದೀಪಾವಳಿ ಬರುವುದಕ್ಕೂ ಸರಿಹೋಯಿತು. ನರಕ ಚತುರ್ದಶಿಯ ಹಿಂದಿನ ದಿನ ನೀರು ತುಂಬುವ ಹಬ್ಬ. ಮೈಸೂರಿನಲ್ಲಿ ಬಚ್ಚಲಿನ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ಫಳಫಳ ಬೆಳಗಿ, ಅರಿಶಿನ ಕುಂಕುಮ ಇಟ್ಟು, ಕೊರಳಿಗೆ ಬಳ್ಳಿ ಸುತ್ತಿ ನೀರು ತುಂಬುತ್ತಿದ್ದೆವು. ಈ ದೇಶಕ್ಕೆ ಬಂದ ಮೇಲೆ ಗೀಸರಿಗೆ ಕುಂಕುಮ ಹಚ್ಚುವುದೇ ಹಬ್ಬವಾಗಿತ್ತು. ಈಗ ನನ್ನದೇ ಹಂಡೆ ಇದೆ! ಮೊದಲೇ ಎರಡು ಸಲ ಸೋಪಿನಲ್ಲಿ ಉಜ್ಜಿ, ಒಂದು ಸಲ ನೀರು ಕುದಿಸಿ ಚೆಲ್ಲಿದ್ದೆ. ಬೀರಿಗೆ ಮುಂಚೆ ಮತ್ತೊಂದು ಸಲ ಬರೀ ನೀರು ಕಾಯಿಸಿ ನೋಡಬೇಕಿತ್ತು. ಆ ನೀರಿನಲ್ಲೇ ಅಭ್ಯಂಜನ ಆಗಲಿ ಅಂದುಕೊಂಡು ಅರಿಶಿನ ಬಳಿದೆ, ಕುಂಕುಮ ಇಟ್ಟೆ, ಬೇಲಿಯ ಮೇಲಿನ ಮಲ್ಲಿಗೆ ಬಳ್ಳಿ ಕಿತ್ತು ಸುತ್ತಿದೆ. ಪಾಪ, ಬೀರಿನ ಪಾತ್ರೆ, ಅದಕ್ಕೂ ಮುತ್ತೈದೆತನ ಬಂತು.

ಮಾರನೇ ದಿನ ಬೆಳಗ್ಗೆ ಆರೂವರೆಗೆ ರಘುವನ್ನು ಗ್ಯಾರೇಜಿನಲ್ಲಿ ಸ್ಟೂಲಿನ ಮೇಲೆ ಕೂರಿಸಿ ತಲೆಗೆ ಎಣ್ಣೆ ಒತ್ತಿದೆ. ಪಕ್ಕದಲ್ಲಿ ಬಾಯ್ಲರು ಗುಂಯ್‌ಗುಡುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡಿದ್ದ. ಇಷ್ಟು ಹತ್ತಿರ ನಾವು ಕೂತು ಎಷ್ಟು ದಿನವಾಗಿತ್ತೋ.

"ರಮಾ, ಇದರ ಪ್ಲಗ್ ಚೇಂಜ್ ಮಾಡಕ್ಕಾಗತ್ತಾ?"

"ಯಾಕೆ, ಅದಕ್ಕೇನಾಗಿದೆ?"

"ಮೂರು ಕಡ್ಡಿದು ಹಾಕಕ್ಕಾಗತ್ತಾ ಅಂತ."

ನನ್ನ ಕೈ ಅವನ ನೆತ್ತಿಯ ಮೇಲೇ ನಿಂತುಬಿಟ್ಟಿತು. ನಮ್ಮ ಗೋಡೆಯಲ್ಲಿರುವುದು ನಾಲ್ಕು ತೂತು. ಡ್ರೈಯರಿಗೆ ಮೂರು ತೂತು ಇರುವುದು ಮೂವತ್ತು ವರ್ಷಕ್ಕೂ ಹಳೆಯ ಮನೆಗಳಲ್ಲಿ.

"ಯಾರ ಮನೆ ಗೋಡೆಗೆ?" ಅಂದೆ.

ಅವನು ಸುಳ್ಳು ಹೇಳುವ ಶ್ರಮ ಕೂಡ ತೆಗೆದುಕೊಳ್ಳಲಿಲ್ಲ. "ಸ್ಯಾನ್ ಮಟಿಯೋದಲ್ಲಿ ಒಂದು ಕಾಟೇಜ್ ರೆಂಟ್ ಮಾಡಿದೀನಿ. ಆಗಸ್ಟಲ್ಲೇ. ಹೇಳೋಕೆ ಧೈರ್ಯ ಬರ್ಲಿಲ್ಲ."

"ಯಾರಿದಾಳೆ ಅಲ್ಲಿ?"

"ಯಾರೂ ಇಲ್ಲ. ನಿಜವಾಗ್ಲೂ. ಒಬ್ಬನೇ ಇರ್ಬೇಕು ಅನ್ಸತ್ತೆ. ನಿಂದೇನೂ ತಪ್ಪಿಲ್ಲ ರಮಾ."

ಯಾರಾದರೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಅವಳಿಗೆ ಹಿಡಿ ಶಾಪ ಹಾಕಬಹುದಿತ್ತು, ಅವಳ ಮೂಗು ಮೊಂಡು ಅನ್ನಬಹುದಿತ್ತು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ನನಗಿಂತ ಒಂದು ಖಾಲಿ ಮನೆ ಅವನಿಗೆ ಮೇಲಾಯಿತು. ಖಾಲಿ ಮನೆಯ ಜೊತೆ ಯಾವ ಹೆಂಗಸು ತಾನೇ ಪೈಪೋಟಿ ಮಾಡಿಯಾಳು?

ಆದರೂ ಹಬ್ಬದ ದಿನ ಎಣ್ಣೆ ಹಚ್ಚಿದ ತಲೆಯನ್ನು ಹಾಗೇ ಬಿಡುವ ಹಾಗಿಲ್ಲ. ಬಾಯ್ಲರಿನಿಂದ ಬಕೆಟ್ಟಿಗೆ ಹಿಡಿದು, ಬಚ್ಚಲಿಗೆ ಹೊತ್ತು, ತಣ್ಣೀರು ಬೆರೆಸಿ ಅವನ ತಲೆಗೆ ಸುರಿದೆ. ಸೀಗೆಕಾಯಿ ಹಾಕಿ ತಿಕ್ಕಿದೆ. ಅವನು ಅಳುತ್ತಿದ್ದ. ಸೀಗೆಪುಡಿ ಕಣ್ಣಿಗೆ ಹೋಯಿತಾ ಅಂತ ಕೇಳಿದೆ. ಹ್ಞೂಂ ಅಂದ. ಇಬ್ಬರೂ ಅಷ್ಟಕ್ಕೇ ಬಿಟ್ಟೆವು.

ಮಧ್ಯಾಹ್ನ ವಿಭಾಗೆ ಫೋನ್ ಮಾಡಿದೆ. ನಾನು ಮುಗಿಸುವ ಮೊದಲೇ, "ಐ ನೋ, ಅಮ್ಮಾ," ಅಂದಳು. "ಅಪ್ಪ ಟೋಲ್ಡ್ ಮೀ. ಐ ವಾಸ್ ವೇಟಿಂಗ್ ಫಾರ್ ಹಿಮ್ ಟು ಟೆಲ್ ಯೂ." ಅಂದರೆ ನನಗೊಬ್ಬಳಿಗೇ ಗೊತ್ತಿರಲಿಲ್ಲ.

ಪ್ಲಗ್ಗು ಬದಲಾಯಿಸುವುದು ಐದು ನಿಮಿಷದ ಕೆಲಸ. ಆದರೆ ಊರಿನ ಮೂರು ಕಡ್ಡಿಯ ಹಾಗಲ್ಲ, ಇಲ್ಲಿಯ ಡ್ರೈಯರಿನ ಮೂರು ಕಡ್ಡಿಯಲ್ಲಿ ಎರಡು ಕರೆಂಟಿಗೆ, ಒಂದು ನ್ಯೂಟ್ರಲ್ಲಿಗೆ, ಅರ್ಥಿಂಗ್ ಇರುವುದಿಲ್ಲ. ಎಲಿಮೆಂಟು ಎಲ್ಲಾದರೂ ಬಿರುಕು ಬಿಟ್ಟರೆ ಕರೆಂಟು ಪಾತ್ರೆಗೆ ಬರುತ್ತದೆ, ಪಾತ್ರೆಯಿಂದ ಅದನ್ನು ಮುಟ್ಟಿದವನ ಕೈಗೆ. ಆಗಲ್ಲ ಅಂತ ರಘುಗೆ ಹೇಳಿದೆ. ಅಷ್ಟರಲ್ಲೇ ಒಂದು ಆಸೆ, ಬಾಯ್ಲರಿಗೋಸ್ಕರವಾದರೂ ಇಲ್ಲೇ ಉಳಿದಾನು ಅಂತ.

"ಪರವಾಗಿಲ್ಲ ಬಿಡು, ಇದು ಇಲ್ಲೇ ಇರ್ಲಿ," ಅಂದ.

ನನ್ನನ್ನೂ ಅದನ್ನೂ ಒಂದೇ ಗ್ಯಾರೇಜಿನಲ್ಲಿ ಬಿಟ್ಟು ಹೋಗುವವನಿದ್ದ. ಸಿಟ್ಟು ನೆತ್ತಿಗೇರಿತು. ನಾನು ಕೈಯಾರೆ ಕಟ್ಟಿದ್ದು, ಅದಾದರೂ ಅವನ ಜೊತೆ ಹೋಗಲಿ. ಅವನು ಆ ವಾರವೇ ಅಲ್ಲಿಗೆ ಹೋದ. ಮುಂದಿನ ಭಾನುವಾರ ಬಾಯ್ಲರನ್ನು ಕಾರಿಗೆ ಹಾಕಿಕೊಂಡು, ಮೀಟರು, ಸ್ಕ್ರೂಡ್ರೈವರು, ಹೊಸ ನಾಲ್ಕು ತೂತಿನ ಸಾಕೆಟ್ಟು, ಕರೆಂಟು ಸೋರಿದರೆ ತಾನೇ ಆಫ್ ಆಗುವ ಬ್ರೇಕರು ತೆಗೆದುಕೊಂಡು ನಾನೇ ಸ್ಯಾನ್ ಮಟಿಯೋಗೆ ಹೋದೆ. ಮನೆಯ ಮಾಲಕಿ ಒಪ್ಪಿದ್ದಳು. ಮೇನ್ ಆಫ್ ಮಾಡಿ ಹಳೇ ಸಾಕೆಟ್ಟು ಬಿಚ್ಚಿದೆ. ವೈರುಗಳು ಕಬ್ಬಿಣದ ಪೈಪಿನೊಳಗೆ ಬಂದಿದ್ದವು. ಮೀಟರು ಇಟ್ಟು ನೋಡಿದರೆ ಪೈಪಿನಲ್ಲಿ ಅರ್ಥಿಂಗ್ ಗಟ್ಟಿಯಾಗಿತ್ತು. ಹೊಸದನ್ನು ಕೂರಿಸಿದೆ, ಬ್ರೇಕರನ್ನೂ.

ಅಡುಗೆಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಎರಡೂ ತೊಳೆದು ಬೋರಲು ಹಾಕಿದ್ದವು. ಬಾಯ್ಲರಿನ ಮೇಲೆ ನನ್ನ ಕುಂಕುಮ ಕಾದು ಕಂದಿ ಹಾಗೇ ಇತ್ತು. ನೀರು ತುಂಬಿಸುತ್ತಾ ರಘು ಮಾತಾಡತೊಡಗಿದ. ಕಿಟಕಿಗೆ ಬರುವ ಬಿಸಿಲು, ಪಕ್ಕದ ಮನೆಯವರ ನಿಂಬೆ ಗಿಡ, ಮೊದಲು ಯಾವ ಬೀರು ಮಾಡುವುದು, ಒಂದರ ಮೇಲೊಂದು, ಹಳೇ ಶನಿವಾರಗಳ ಹಾಗೆ. ನಾನು ವಾಪಸು ತರಬೇಕೆಂದಿದ್ದ ಮಾತು ಇಲ್ಲಿ ಬಂದು ಕೂತಿತ್ತು.

ಬ್ರೇಕರಿನ ಕೆಂಪು ಗುಂಡಿ ತೋರಿಸಿದೆ. "ಇದು ಟೆಸ್ಟ್ ಬಟನ್. ಪ್ರತಿ ತಿಂಗಳು ಒಂದನೇ ತಾರೀಖು ಒತ್ತಬೇಕು. ಕರೆಂಟ್ ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ಪಾತ್ರೆ ಮುಟ್ಟಬಾರದು."

"ನೀನು ಜ್ಞಾಪಿಸ್ತೀಯಲ್ಲ," ಅಂದ.

ಕೊಲೆಸ್ಟ್ರಾಲ್ ಮಾತ್ರೆ, ಪಾಸ್‌ಪೋರ್ಟು, ಅವನಪ್ಪನ ತಿಥಿ, ಎಲ್ಲವನ್ನೂ ಇಪ್ಪತ್ತೆರಡು ವರ್ಷ ಜ್ಞಾಪಿಸಿದವಳು ನಾನು. ಬಾಯಿತಪ್ಪಿ ಬಂದ ಮಾತು ಅಂತ ಇಬ್ಬರಿಗೂ ಗೊತ್ತಾಯಿತು.

"ಇಲ್ಲ," ಅಂದೆ. ಮನೆಗೆ ಬಂದು ಡ್ರೈಯರಿನ ಪ್ಲಗ್ಗು ವಾಪಸು ಹಾಕಿದೆ.

ಒಂದನೇ ತಾರೀಖು ಬಂತು. ನಿಜ ಹೇಳುತ್ತೇನೆ, ಅವನು ಮರೆಯಲಿ ಅಂತಲೇ ನಾನು ಕಾದಿದ್ದೆ. ಮರೆತೇ ಮರೆಯುತ್ತಾನೆ. ಸಂಜೆ ಫೋನ್ ಮಾಡಿ ಬೈಯುತ್ತೇನೆ. ಅಯ್ಯೋ ಮರೆತೇಬಿಟ್ಟೆ ಅನ್ನುತ್ತಾನೆ. ಅಲ್ಲಿಂದ ಮಾತು ಶುರುವಾಗುತ್ತದೆ. ಏನು ಬೈಯಬೇಕು ಅಂತ ಕೂಡ ಯೋಚಿಸಿಟ್ಟುಕೊಂಡಿದ್ದೆ.

ಬೆಳಗ್ಗೆ ಹತ್ತರ ಮೀಟಿಂಗಿನ ನಡುವೆ ಮೆಸೇಜು ಬಂತು: "ಬಟನ್ ಒತ್ತಿದೆ. ಕರೆಂಟ್ ಹೋಯ್ತು. ಎಲ್ಲಾ ಸರಿಯಾಗಿದೆ."

ಕ್ಯಾಮೆರಾ ಆಫ್ ಮಾಡಿ ಅತ್ತೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಜ್ಞಾಪಿಸದೆ ಅವನು ನೆನಪಿಟ್ಟುಕೊಂಡ ಮೊದಲನೇ ಕೆಲಸ ಅದು.