ಭುಜಂಗಣ್ಣ ಕಾರಿಗೆ ಹಾಡು ಹಾಕಿಸಿದ್ದು

ಭುಜಂಗಣ್ಣನಿಗೆ ಪಿಸುಗುಟ್ಟಲು ಬರುವುದಿಲ್ಲ. ಪ್ರಯತ್ನ ಸಾಲದೆಂದಲ್ಲ, ಗುಟ್ಟು ಹೇಳಬೇಕಾದಾಗ ಅವರು ಶಾಸ್ತ್ರೋಕ್ತವಾಗಿ ಬಗ್ಗುತ್ತಾರೆ, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಾರೆ, ಹುಬ್ಬನ್ನೂ ತಗ್ಗಿಸುತ್ತಾರೆ, ಆದರೆ ಧ್ವನಿ ಮಾತ್ರ ಈ ಸಿದ್ಧತೆಯಲ್ಲಿ ಪಾಲುಗೊಳ್ಳದೆ, ತನ್ನ ಸಹಜ ಗಾಂಭೀರ್ಯದಲ್ಲಿ ಹೊರಟು ರಸ್ತೆಯಾಚೆಯ ಪಾನ್ ಅಂಗಡಿಯವನ ತಲೆಯನ್ನು ಇತ್ತ ತಿರುಗಿಸುತ್ತದೆ. ಒಮ್ಮೆ ಪುಣೆ ಕ್ಯಾಂಪಿನ ಅವರ ಹೋಟೆಲಿನಲ್ಲಿ ನಾನು ಇಡ್ಲಿಯ ಮುಂದೆ ಕುಳಿತಿದ್ದಾಗ, ಅವರು ಮಾಣಿಯನ್ನು ಬಳಿಗೆ ಕರೆದು, ಮೂಲೆಯ ಟೇಬಲಿನ ವಯಸ್ಸಾದ ಆಜೋಬಾರ ಹಲ್ಲಿನ ಸೆಟ್ಟು ರಿಪೇರಿಗೆ ಹೋಗಿದೆಯೆಂದೂ, ಅವರಿಗೆ ಮೆತ್ತಗಿನ ಇಡ್ಲಿಯನ್ನೇ ಆರಿಸಿ ಕೊಡಬೇಕೆಂದೂ, ಈ ಸಂಗತಿ ಮೂರನೆಯವರಿಗೆ ತಿಳಿಯಕೂಡದೆಂದೂ ತಮ್ಮ ಕರಾವಳಿಯ ಮರಾಠಿಯಲ್ಲಿ ಪರಮ ರಹಸ್ಯವಾಗಿ ಅಪ್ಪಣೆ ಕೊಡಿಸಿದರು. ಇಡೀ ಹೋಟೆಲು ಮೂಲೆಯ ಕಡೆಗೆ ತಿರುಗಿತು. ಆಜೋಬಾ ಬಾಯಿ ಮುಚ್ಚಿಕೊಂಡರು. ಭುಜಂಗಣ್ಣ ಮಾಣಿಯನ್ನು ದುರುಗುಟ್ಟಿ ನೋಡಿ, "ನೀನೇ ಹೇಳಿದ್ದಲ್ವಾ ಎಲ್ಲರಿಗೂ?" ಎಂದರು.

ಅವರ ನಡಿಗೆಯೂ ಹಾಗೆಯೇ, ಹೋಟೆಲು ಕಲಿಸಿದ್ದು. ಕಿಕ್ಕಿರಿದ ಮೇಜುಗಳ ನಡುವೆ ಹೊಟ್ಟೆಯನ್ನು ಒಳಗೆಳೆದು ಓರೆಯಾಗಿ ನುಸುಳಿ ನುಸುಳಿ ಅಭ್ಯಾಸವಾದ ದೇಹ, ಅಗಲವಾದ ಖಾಲಿ ಫುಟ್‌ಪಾತಿನಲ್ಲೂ ಎಡಭುಜವನ್ನು ಮುಂದೆ ಮಾಡಿಕೊಂಡು ಅಡ್ಡಡ್ಡವಾಗಿಯೇ ಸಾಗುತ್ತದೆ. ಹಿಂದೆ ಬರುವ ನಾವು ಕಾಣದ ಮೇಜುಗಳಿಗೆ ಎಲ್ಲಿ ಡಿಕ್ಕಿ ಹೊಡೆದೇವೋ ಎಂದು ಹೆದರಿ ನಡೆಯಬೇಕು.

ಇವೆಲ್ಲಕ್ಕಿಂತ ಮಿಗಿಲಾದದ್ದು ತಮ್ಮ ಅನುಭವವೇ ಪ್ರಮಾಣವೆಂಬ ಅವರ ನಿಷ್ಠೆ. ಬೆಳಗಿನ ಸಾಂಬಾರು ಮೊದಲು ಬೀಳುವುದು ಅವರ ಅಂಗೈಗೆ. ಸೌಟಿನಿಂದ ಒಂದು ಹನಿ ಸುರಿಸಿಕೊಂಡು, ಕಣ್ಣು ಮುಚ್ಚಿ, ನೆಕ್ಕಿ, ಸ್ವಲ್ಪ ಹೊತ್ತು ಸಮಾಧಿಯಲ್ಲಿದ್ದು, "ಹೋಗಲಿ" ಎಂದರೆ ಅದು ಹೊರಗೆ ಹೋಗುತ್ತದೆ. "ಇರಲಿ" ಎಂದರೆ ಅಡುಗೆಯವನು ಇನ್ನಷ್ಟು ಹುಣಸೆಹಣ್ಣು ಕಿವುಚುತ್ತಾನೆ. ಇನ್ನೊಬ್ಬರ ನಾಲಗೆಯನ್ನು ಅವರು ನಂಬಿದವರಲ್ಲ. ಯಾರದೋ ಮದುವೆಗೆ ಅತಿಥಿಯಾಗಿ ಹೋಗಿ, ಪಂಕ್ತಿಯಿಂದೆದ್ದು ಅಡುಗೆಮನೆ ಹೊಕ್ಕು, ಹುಳಿಗೆ ಉಪ್ಪು ಹಾಕಿ ಬಂದದ್ದಕ್ಕೆ ನಾನೇ ಸಾಕ್ಷಿ. ಆ ಹುಳಿ ಅನಂತರ ಚೆನ್ನಾಯಿತೆಂಬುದು ಅವರ ದುರದೃಷ್ಟ. ತಮ್ಮ ನಾಲಗೆಯ ಮೇಲಿದ್ದ ಭಕ್ತಿ ಅಂದಿನಿಂದ ಇಮ್ಮಡಿಯಾಯಿತು.

ನಾಲಗೆಗೆ ಸಿಕ್ಕ ಈ ಅಧಿಕಾರ ಕಾಲಕ್ರಮೇಣ ಕಿವಿಗೂ ವರ್ಗವಾಯಿತು. ಪುಣೆಯ ಕರಾವಳಿ ಬಳಗದವರು ಸೇರಿ ವರ್ಷಕ್ಕೊಮ್ಮೆ ಆಡುವ ಯಕ್ಷಗಾನಕ್ಕೆ ಭುಜಂಗಣ್ಣ ಪೋಷಕರು, ಎದುರು ಸಾಲಿನ ಮಧ್ಯದ ಕುರ್ಚಿಯ ಒಡೆಯರು, ಭಾಗವತಿಕೆಯ ಅಂತಿಮ ನ್ಯಾಯಾಲಯ. ಹಾಡುವ ಭಾಗವತನಿಗೆ ಅವರು ತಲೆದೂಗಿದರೆ ಉಳಿದವರೂ ದೂಗುತ್ತಾರೆ. ತಳೇಗಾಂವದ ಕಾರ್ಖಾನೆಯೊಂದರಲ್ಲಿ ದುಡಿಯುವ ಸುಖೇಶ್ ಎಂಬ ತರುಣ ಕೆಲವು ವರ್ಷಗಳಿಂದ ಬಳಗದ ಭಾಗವತ. ರಜೆಯ ದಿನಗಳನ್ನೆಲ್ಲ ಪದ್ಯ ಕಲಿಯುವುದಕ್ಕೇ ಸುರಿದವನು. ಕಳೆದ ಸಲದ ಆಟ ಮುಗಿದ ಮೇಲೆ ಭುಜಂಗಣ್ಣ ತೀರ್ಪಿತ್ತರು: ಸ್ವರ ಉಂಟು, ಸಾಹಿತ್ಯ ಉಂಟು, ಆದರೆ ಕೈಯಲ್ಲಿ ತಾಳವೇ ಇಲ್ಲ; ಭಾಗವತನ ಬೆರಳಿನ ಕಂಚಿನ ತಾಳ ಕೇಳದಿದ್ದರೆ ವೇಷಧಾರಿ ಕುಣಿಯುವುದು ಯಾರನ್ನು ನಂಬಿ? ಬರುವ ಆಟಕ್ಕೆ ಊರಿನಿಂದಲೇ ಬೇರೆ ಭಾಗವತರನ್ನು ಕರೆಸುವುದು. ಬಳಗದವರು, ತಮಗೆ ತಾಳ ಚೆನ್ನಾಗಿಯೇ ಕೇಳಿಸಿತಲ್ಲ ಎಂದು ಗೊಣಗಿದರು. ಸುಖೇಶ್ ತಾಳವನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಹಾಡುವುದನ್ನೇ ಬಿಟ್ಟುಬಿಡುತ್ತೇನೆಂದು ಹೆಂಡತಿಯ ಬಳಿ ಹೇಳಿದನಂತೆ. ಸುದ್ದಿ ಭುಜಂಗಣ್ಣನ ಮನೆಯಾಕೆ ವಸಂತಿ ಅಕ್ಕನವರಿಗೆ ತಲುಪಿತು. ಅವರು ಗಂಡನಿಗೆ ಮುಟ್ಟಿಸಿದರು.

"ಪಾಪ, ಹುಡುಗ ಒಳ್ಳೆಯವ," ಎಂದರು ಭುಜಂಗಣ್ಣ. "ಆದರೆ ಇಲ್ಲದ್ದು ಉಂಟು ಅಂತ ನಾನು ಹೇಗೆ ಹೇಳುವುದು?"

"ನಿಮಗೆ ಕುಕ್ಕರಿನ ಸೀಟಿಯೂ ಕೇಳುವುದಿಲ್ಲ," ಎಂದರು ವಸಂತಿ ಅಕ್ಕ.

"ಅದು ನಿನ್ನ ಕುಕ್ಕರ್. ಅದರ ಸೀಟಿ ನಾನ್ಯಾಕೆ ಕೇಳಬೇಕು ಮಾರಾಯ್ತಿ?"

ಆಗಲೇ ಅವರಿಗೆ ಕಾರಿನ ಯೋಚನೆ ಬಂದದ್ದು. ತಳೇಗಾಂವ ದಾಭಾಡೆಯಲ್ಲಿ ಎರಡನೆಯ ಹೋಟೆಲು ತೆರೆದು, ಮನೆಯನ್ನೂ ಅಲ್ಲಿಗೇ ಒಯ್ದ ಮೇಲೆ ದಿನವೂ ಅಲ್ಲಿಂದ ಕ್ಯಾಂಪಿಗೆ ಕಾರಿನಲ್ಲಿ ಓಡಾಟ. ಹೋಟೆಲಿನಲ್ಲಿ ಗ್ರೈಂಡರು, ಮನೆಯಲ್ಲಿ ಟೀವಿ, ತಮ್ಮದೆಂಬ ಜಾಗ ಆ ಕಾರೊಂದೇ. ಅದಕ್ಕೆ ಕಂಪನಿ ಕೊಟ್ಟ ಸ್ಪೀಕರುಗಳನ್ನು ಕಿತ್ತು ಅತ್ಯುತ್ತಮವಾದದ್ದನ್ನು ಹಾಕಿಸುವುದು. ಕಳೆದ ಆಟದ ರೆಕಾರ್ಡಿಂಗನ್ನು ಅದರಲ್ಲಿ ನುಡಿಸುವುದು. ತಾಳ ಇಲ್ಲವೆಂಬುದನ್ನು ಯಂತ್ರದ ಬಾಯಿಂದಲೇ ಹೇಳಿಸಿ ಬಳಗದ ಬಾಯಿ ಮುಚ್ಚಿಸುವುದು. ಹೀಗೆ ಸುಖ ಮತ್ತು ನ್ಯಾಯ ಎರಡೂ ಒಂದೇ ಖರ್ಚಿನಲ್ಲಿ.

ಸಾಕ್ಷಿಯಾಗಿ ನಾನೂ ಹೋಗಬೇಕಾಯಿತು. ಬರೆಯುವವನಿಗೆ ಎಲ್ಲವೂ ಗೊತ್ತಿರುತ್ತದೆಂಬ ಭ್ರಮೆಯನ್ನು ಈ ಜಗತ್ತಿನಲ್ಲಿ ಇನ್ನೂ ಉಳಿಸಿಕೊಂಡಿರುವವರು ಭುಜಂಗಣ್ಣ ಒಬ್ಬರೇ; ಧಾರವಾಡದ ಕಡೆಯವನಾದ ನಾನು ಯಕ್ಷಗಾನವನ್ನು ಬಹುಪಾಲು ನಿದ್ದೆಯ ಮೂಲಕ ಬಲ್ಲೆನೆಂಬುದನ್ನು ಅವರಿಗೆ ತಿಳಿಸುವ ಧೈರ್ಯ ನನಗೆ ಬಂದಿಲ್ಲ.

ಶಿವಾಜಿನಗರದ ಹಿಂದಿನ ಗಲ್ಲಿಯಲ್ಲಿ, ಕಾರುಗಳಿಗೆ ಸ್ಪೀಕರು ಕೂರಿಸುವ ಕೇದಾರನ ಅಂಗಡಿ. ಬೆಳಗಾವಿ ಮನೆತನದವನು, ಹುಟ್ಟಿ ಬೆಳೆದದ್ದೆಲ್ಲ ಪುಣೆ; ಕಪ್ಪು ಟೀ ಶರ್ಟು, ಗೋಡೆಯ ತುಂಬ ಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು, ತನ್ನ ಕಸುಬಿನ ಬಗ್ಗೆ ತುಸು ಹೆಚ್ಚೇ ಗರ್ವ. ಡಿಕ್ಕಿಯ ತುಂಬ ದೊಡ್ಡದೊಂದು ಪೆಟ್ಟಿಗೆ ಇಟ್ಟರೆ ಮಂದ್ರದ ಸದ್ದು ಎದೆಗೇ ಗುದ್ದುತ್ತದೆ ಎಂದು ಅವನು ಆಸೆ ಹುಟ್ಟಿಸಿದ.

"ಆಮೇಲೆ ಹೋಟೆಲಿನ ತೆಂಗಿನಕಾಯಿ ಎಲ್ಲಿ ಇಡುವುದು?" ಎಂದರು ಭುಜಂಗಣ್ಣ.

"ಕಾಕಾ, ಇಷ್ಟ ಛಲೋ ಸಿಸ್ಟಿಮ್ ಹಾಕ್ಸಾಕತ್ತೀರಿ, ಅದರಾಗ ತೆಂಗಿನಕಾಯಿ ಒಯ್ತೀರೇನ್ರಿ?"

"ಎಂತ ಮಾರಾಯ, ತೆಂಗಿನಕಾಯಿ ಇಲ್ಲದೆ ಸಿಸ್ಟಿಮ್ಮಿಗೆ ದುಡ್ಡು ಎಲ್ಲಿಂದ ಬಂತು?"

ಕೊನೆಗೆ ಆ ಪೆಟ್ಟಿಗೆ ಸಣ್ಣದಾಗಿ ಸ್ಟೆಪ್ನಿಯ ಗುಂಡಿಯೊಳಗೆ ಅಡಗಿತು. ಸ್ಟೆಪ್ನಿ ಮನೆಯಲ್ಲುಳಿಯಿತು. ತೆಂಗಿನಕಾಯಿ ತನ್ನ ಸ್ಥಾನವನ್ನು ಉಳಿಸಿಕೊಂಡಿತು.

ಹಾಡು ಹಾಕುವ ಮೊದಲು ಕಾರನ್ನು ಮೌನಗೊಳಿಸಬೇಕೆಂಬುದು ಈ ವಿದ್ಯೆಯ ಮೊದಲ ಪಾಠ. ಬಾಗಿಲುಗಳ ಹೊಟ್ಟೆ ಬಿಚ್ಚಿ, ತಗಡಿನ ಒಳಮೈಗೆ ದಪ್ಪನೆಯ ಹಾಳೆಗಳನ್ನು ಅಂಟಿಸಿ, ರೋಲರಿನಿಂದ ತಿಕ್ಕಿ ತಿಕ್ಕಿ ಕೂರಿಸಿದರು. ಬಾಗಿಲು ಹಾಕಿದರೆ ಈಗ ಗ್ರಂಥ ಮುಚ್ಚಿದಂಥ ಗಂಭೀರವಾದ ಒಂದು ಸದ್ದು, ಆಮೇಲೆ ಗವಿಯ ಶಾಂತಿ. ಭುಜಂಗಣ್ಣ ಒಳಗೆ ಕೂತು ಚಾವಿ ತಿರುಗಿಸಿದರು, ಎಂಜಿನ್ ಶುರುವಾಯಿತು. ಅವರು ಮತ್ತೊಮ್ಮೆ ತಿರುಗಿಸಿದರು. ಓಡುತ್ತಿದ್ದ ಎಂಜಿನ್ನು ಕರಕರನೆ ಕಿರುಚಿತು. ಮತ್ತೊಮ್ಮೆ. ಕೇದಾರ ಓಡಿ ಬಂದು ಅವರ ಕೈ ಹಿಡಿದ.

"ಚಾಲೂ ಅದರೀ ಕಾಕಾ! ಗಾಡಿ ಚಾಲೂ ಅದ!"

"ಹೌದಾ? ಭಾರಿ ಕೆಲಸ ಮಾರಾಯ ನಿನ್ನದು. ಏನೂ ಕೇಳುವುದೇ ಇಲ್ಲ," ಎಂದು ಭುಜಂಗಣ್ಣ ಮನಸಾರೆ ಮೆಚ್ಚಿಕೊಂಡರು. ಹಿಂದಿನ ಸೀಟಿನಲ್ಲಿ ಆ ಕಿರುಚಾಟಕ್ಕೆ ಹಲ್ಲು ಚಳಿತು ಕೂತಿದ್ದ ನನಗೆ ಆಗಲೇ ಅರ್ಥವಾಗಬೇಕಿತ್ತು. ಆದರೆ ಅರ್ಥಗಳು ನನಗೆ ಸಾಮಾನ್ಯವಾಗಿ ಮರುದಿನ ಹೊಳೆಯುತ್ತವೆ.

ಎಲ್ಲವೂ ಕೂತಾದ ಮೇಲೆ ಶ್ರುತಿ ಸೇರಿಸುವ ಕಾರ್ಯ. ಚಾಲಕನ ತಲೆ ಇರಬೇಕಾದ ಜಾಗದಲ್ಲಿ ಕೇದಾರ ಒಂದು ಮೈಕು ನಿಲ್ಲಿಸಿದ. ಎಲ್ಲ ಸ್ಪೀಕರುಗಳ ಸದ್ದೂ ಒಂದೇ ಗಳಿಗೆಗೆ ಅಲ್ಲಿಗೆ ಬಂದು ಮುಟ್ಟುವಂತೆ ಲ್ಯಾಪ್‌ಟಾಪಿನಲ್ಲಿ ಹೊಂದಿಸಿದ. ಆಮೇಲೆ ಮೈಕಿನ ಸಿಂಹಾಸನಕ್ಕೆ ಭುಜಂಗಣ್ಣ, ಪಕ್ಕಕ್ಕೆ ವಸಂತಿ ಅಕ್ಕ, ಹಿಂದೆ ನಾನು ಮತ್ತು ಲ್ಯಾಪ್‌ಟಾಪು ಹಿಡಿದ ಕೇದಾರ. ಬಳಗದ ರೆಕಾರ್ಡಿಂಗು ಶುರುವಾಯಿತು.

ಆ ಕ್ಷಣದ ಭುಜಂಗಣ್ಣನನ್ನು ನೋಡಬೇಕಿತ್ತು. ಸುಖೇಶನ ಕಂಠ ಮುಂದಿನ ಗಾಜಿನ ನಟ್ಟನಡುವೆ ಬಂದು ಕೂತಿತು. ಎಡಕ್ಕೆ ಮದ್ದಳೆ, ಬಲಕ್ಕೆ ಚೆಂಡೆ. ಯಾರೋ ಡ್ಯಾಶ್‌ಬೋರ್ಡಿನ ಮೇಲೆಯೇ ರಂಗಸ್ಥಳ ಕಟ್ಟಿದಂತೆ. ಹೋಟೆಲಿನ ಗದ್ದಲದಲ್ಲಿ ಹದಗೊಂಡ ಆ ಮುಖ ಮಗುವಿನದಾಯಿತು. "ವಸಂತಿ, ನೋಡು, ಇಲ್ಲಿಯೇ ಕೂತಿದ್ದಾನೆ!" ಎಂದು ಗಾಳಿಯಲ್ಲಿ ಬೆರಳು ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿ ಹುಬ್ಬು ಗಂಟಾಯಿತು. "ತಾಳ ಎಲ್ಲಿ?"

"ಅದ ಅಲ್ರಿ ಕಾಕಾ."

"ಇಲ್ಲ. ಏರಿಸು ನೋಡುವ."

ಕೇದಾರ ತಾರದ, ಅಂದರೆ ತಾಳದಂಥ ತೆಳು ಚೂಪು ಸದ್ದನ್ನು ಏರಿಸಿದ. "ಇನ್ನೂ." ಮತ್ತಷ್ಟು ಏರಿಸಿದ. "ಇನ್ನೂ ಸ್ವಲ್ಪ, ಹೆದರಬೇಡ, ಕಾರು ನಂದು." ಗಲ್ಲಿಯಲ್ಲಿ ಮಲಗಿದ್ದ ನಾಯಿ ಎದ್ದು ಶಿವಾಜಿನಗರದ ಬಸ್ ನಿಲ್ದಾಣದ ದಿಕ್ಕಿಗೆ ಹೊರಟಿತು.

"ಇದಕ್ಕಿಂತ ಏರಿಸಿದ್ರ ಸ್ಪೀಕರ್ ಸುಟ್ಟ ಹೋಗ್ತಾವ್ರಿ!" ಎಂದು ಕೇದಾರ ಕೂಗಿದ.

"ಕೇಳಿತಾ ರಾಯರೇ?" ಭುಜಂಗಣ್ಣ ವಿಜಯೋತ್ಸಾಹದಿಂದ ಹಿಂದಕ್ಕೆ, ನನ್ನತ್ತ ತಿರುಗಿದರು. "ಸ್ಪೀಕರ್ ಸುಟ್ಟರೂ ಇಲ್ಲದ್ದು ಬರುವುದಿಲ್ಲ! ಹುಡುಗ ತಾಳ ಹಾಕಲೇ ಇಲ್ಲ..."

ಮಾತು ಅಲ್ಲಿಗೇ ನಿಂತಿತು. ನಾನು ಎರಡೂ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡಿದ್ದೆ. ಕೇದಾರ ಭುಜವನ್ನೆತ್ತಿ ಒಂದು ಕಿವಿಯನ್ನು ಅದಕ್ಕೆ ಒತ್ತಿ, ಇನ್ನೊಂದರಲ್ಲಿ ಬೆರಳಿಟ್ಟುಕೊಂಡಿದ್ದ. ಭುಜಂಗಣ್ಣ ನಿಧಾನವಾಗಿ ಪಕ್ಕಕ್ಕೆ ನೋಡಿದರು. ವಸಂತಿ ಅಕ್ಕ ಸೆರಗನ್ನು ತಲೆಯ ಸುತ್ತ ಬಿಗಿದುಕೊಂಡು, ಕಣ್ಣು ಮುಚ್ಚಿ, ಒಂದೊಂದು ತಾಳದ ಪೆಟ್ಟಿಗೂ ಸಣ್ಣಗೆ ಬೆಚ್ಚಿ ಬೀಳುತ್ತಿದ್ದರು.

ಕೇದಾರ ಸದ್ದು ಇಳಿಸಿದ. ಭುಜಂಗಣ್ಣ ಲ್ಯಾಪ್‌ಟಾಪಿನ ಪರದೆಯ ಗೆರೆಗಳತ್ತ ಕೈ ಮಾಡಿದರು. "ಆ ಮುಳ್ಳು ಮುಳ್ಳಾಗಿ ಏಳುತ್ತದಲ್ಲ, ಅದು ಎಂತದು?"

"ಅದ ತಾಳರಿ," ಎಂದ ಕೇದಾರ. ತನ್ನ ಕಸುಬಿನ ಗರ್ವವೆಲ್ಲ ಇಳಿದುಹೋಗಿ ಅವನ ಧ್ವನಿ ಸಣ್ಣದಾಗಿತ್ತು. "ಲ್ಯಾಪ್‌ಟಾಪ್ ತಪ್ಪ ತೋರ್ಸಿರಬಹುದು ಬಿಡ್ರಿ ಕಾಕಾ. ಒಮ್ಮೊಮ್ಮೆ ಹಂಗ ಆಗ್ತದ."

"ಸುಳ್ಳು ಹೇಳಬೇಡ ಮಾರಾಯ. ನೀನು ಹೇಳಿದ್ದು ನನಗೆ ಚೆನ್ನಾಗಿ ಕೇಳುತ್ತದೆ."

ಅವರು ಇಳಿದು ಗಲ್ಲಿಯ ತುದಿಯ ಚಹಾದ ಗಾಡಿಯವರೆಗೆ ಹೋದರು. ಚಹಾ ತೆಗೆದುಕೊಂಡು, ಒಂದು ಗುಟುಕು ಕುಡಿದು, ಆ ಚಹಾದವನಿಗೆ ಶುಂಠಿಯ ಬಗ್ಗೆ ಏನನ್ನೋ ಹೇಳಿದರು. ವಸಂತಿ ಅಕ್ಕ ಕಾರಿನಿಂದಲೇ ನೋಡುತ್ತಿದ್ದರು. "ಹೇಳಲಿ ಬಿಡಿ," ಎಂದರು ನನಗೆ. "ನಾಲಗೆ ಇನ್ನೂ ಉಂಟಲ್ಲ."

ಮರಳಿ ಬಂದವರು ಸೀಟಿನಲ್ಲಿ ಸರಿಯಾಗಿ ಕೂತು, ಬಾಗಿಲು ಹಾಕಿಕೊಂಡು, ಹೆಂಡತಿಯ ಮುಂದೆ ಅಂಗೈ ಚಾಚಿದರು. "ವಸಂತಿ, ನೀನು ಕೇಳು. ತಾಳ ಎಲ್ಲೆಲ್ಲಿ ಬೀಳುತ್ತದೆಯೋ ಅಲ್ಲಲ್ಲಿ ಇದರ ಮೇಲೆ ಹಾಕು."

"ನನಗೆ ಎಂತ ಗೊತ್ತುಂಟು ಆಟದ್ದು!"

"ಇಷ್ಟು ವರ್ಷ ನನ್ನ ಜೊತೆ ಆಟಕ್ಕೆ ಬಂದದ್ದು ಎಂತಕ್ಕೆ ಮತ್ತೆ?"

ಪದ್ಯ ಮೊದಲಿನಿಂದ ಶುರುವಾಯಿತು. ಆಟದಲ್ಲಿ ತಮಗೆ ಆಸಕ್ತಿಯೇ ಇಲ್ಲವೆಂದು ಊರಿಗೆಲ್ಲ ಹೇಳಿಕೊಂಡು ಬಂದ ವಸಂತಿ ಅಕ್ಕ, ಎರಡು ಬೆರಳುಗಳಿಂದ ಗಂಡನ ಅಂಗೈಯ ಮೇಲೆ ತಟ್ಟತೊಡಗಿದರು. ಮೊದಲು ಸಂಕೋಚದಿಂದ, ಆಮೇಲೆ ಪದ್ಯ ದ್ರುತಕ್ಕೆ ಏರಿದಂತೆ ಎಲ್ಲವನ್ನೂ ಮರೆತು. ಭುಜಂಗಣ್ಣ ಕಣ್ಣು ಮುಚ್ಚಿದರು. ಚೆಂಡೆ ಅವರ ಕಿವಿಗೆ ಬರುತ್ತಿತ್ತು, ತಾಳ ಕೈಗೆ ಬರುತ್ತಿತ್ತು. ಎರಡನ್ನೂ ಒಳಗೆಲ್ಲೋ ಸೇರಿಸಿ ತೂಗಿ ನೋಡುತ್ತಿದ್ದರು. ಮುಕ್ತಾಯದ ಪೆಟ್ಟು ಎರಡೂ ಕಡೆ ಒಟ್ಟಿಗೇ ಬಿತ್ತು. ಅವರು ದೀರ್ಘವಾಗಿ ಉಸಿರು ಬಿಟ್ಟರು.

"ಸರಿ ಉಂಟು," ಎಂದರು. "ಎಲ್ಲಿಯೂ ತಪ್ಪಲಿಲ್ಲ ಹುಡುಗ."

ಅಲ್ಲೇ ಫೋನು ತೆಗೆದು ಸುಖೇಶನಿಗೆ ಹಚ್ಚಿದರು. "ಸುಖೇಶಾ, ಬರುವ ಆಟಕ್ಕೆ ಭಾಗವತಿಕೆ ನಿನ್ನದೇ. ಊರಿನಿಂದ ಯಾರೂ ಬರುವುದಿಲ್ಲ. ನಿನ್ನ ತಾಳ ಚೆನ್ನಾಗಿ ಉಂಟು. ನನ್ನ ಕಿವಿ ಹೋಗಿದೆ, ಗೊತ್ತಾಯ್ತಾ? ಬಳಗದವರಿಗೆ ನಾನೇ ಹೇಳುತ್ತೇನೆ." ಹೇಳುವ ಅಗತ್ಯ ಬಹುಶಃ ಉಳಿದಿರಲಿಲ್ಲ, ಆ ವಾರ್ತೆ ಗಲ್ಲಿಯ ಆಚೆ ತುದಿಯನ್ನು ಮುಟ್ಟಿ ಆಗಿತ್ತು. ಅತ್ತ ಕಡೆಯಿಂದ, "ನೀವು ಮಧ್ಯದ ಕುರ್ಚಿಯಲ್ಲೇ ಕೂತುಕೊಳ್ಳಬೇಕು ಭುಜಂಗಣ್ಣ. ಅದು ಖಾಲಿ ಇದ್ದರೆ ನನಗೆ ಸ್ವರ ಏಳುವುದಿಲ್ಲ," ಎಂದ ಸುಖೇಶ್.

"ಮಧ್ಯದಲ್ಲಿ ಎರಡು ಕುರ್ಚಿ ಇಡಿಸು," ಎಂದರು ಭುಜಂಗಣ್ಣ.

ಕೇದಾರ ಯಂತ್ರದಲ್ಲಿ ಎರಡು ಹದಗಳನ್ನು ಉಳಿಸಿಕೊಟ್ಟ. ಒಂದು, ಭುಜಂಗಣ್ಣ ಒಬ್ಬರೇ ಇರುವಾಗ ತಾರದ ಸದ್ದನ್ನು ಸ್ಪೀಕರು ತಾಳುವಷ್ಟು ಎತ್ತಿದ್ದು. ಇನ್ನೊಂದು, ಮನುಷ್ಯರು ಜೊತೆಗಿರುವಾಗಿನದು. ಈಗ ಅವರು ಹೆಚ್ಚಾಗಿ ಬಳಸುವುದು ಎರಡನೆಯದನ್ನೇ, ಎಡಗೈಯನ್ನು ವಸಂತಿ ಅಕ್ಕನ ಕಡೆಗೆ ಚಾಚಿಕೊಂಡು. ಗೇರು ಬದಲಿಸುವಾಗಲಷ್ಟೇ ಭಾಗವತಿಕೆಗೆ ತುಸು ಭಂಗ. ಕಿವಿಯ ಡಾಕ್ಟರರ ಬಳಿಗೂ ಹೋಗಿ ಬಂದರೆಂದೂ, ಅವರು ಕೊಟ್ಟ ಯಂತ್ರದ ಶ್ರುತಿ ಸರಿಯಿಲ್ಲವೆಂದು ತಕರಾರು ನಡೆದಿದೆಯೆಂದೂ ಕೇಳಿದ್ದೇನೆ.

ನನ್ನಂಥವರು ದಿನಕ್ಕೆರಡು ಸಲ ಅಭಿಪ್ರಾಯ ಬದಲಿಸುತ್ತೇವೆ, ಅದಕ್ಕೆ ಹೃದಯವೈಶಾಲ್ಯವೆಂದು ನಾವೇ ಹೆಸರಿಟ್ಟುಕೊಳ್ಳುತ್ತೇವೆ. ಯಾವುದನ್ನೂ ಗಟ್ಟಿಯಾಗಿ ಹಿಡಿಯದವನಿಗೆ ಬಿಡುವುದು ಕಷ್ಟವಲ್ಲ. ಆದರೆ ಪರವೂರಿನಲ್ಲಿ ಬರಿಗೈಯಲ್ಲಿ ಬಂದಿಳಿದು, ತನ್ನ ಕಣ್ಣು, ತನ್ನ ಮೂಗು, ತನ್ನ ನಾಲಗೆ ಇಷ್ಟನ್ನೇ ಬಂಡವಾಳ ಮಾಡಿಕೊಂಡು ಬದುಕು ಕಟ್ಟಿದ ಒಂದು ಜಾತಿಯ ಜನರಿದ್ದಾರೆ. ಅವರ ಹಟಕ್ಕೆ ನಾವು ನಗುತ್ತೇವೆ, ಆ ಹಟದ ನೆರಳಿನಲ್ಲೇ ಕೂತು ಉಣ್ಣುತ್ತೇವೆ. ತಮ್ಮ ಬಂಡವಾಳದಲ್ಲೊಂದು ಕರಗಿತೆಂದು ಗೊತ್ತಾದ ದಿನ ಅವರು ಅದನ್ನು ಮುಚ್ಚಿಡುವುದಿಲ್ಲ, ಮರುಗುತ್ತ ಕೂರುವುದೂ ಇಲ್ಲ. ಅನ್ಯಾಯವಾದವನಿಗೆ ಮೊದಲು ನ್ಯಾಯ ಸಲ್ಲಿಸಿ, ಆಮೇಲೆ ಪಕ್ಕದಲ್ಲಿ ಕೂತವರ ಕೈ ಕೇಳುತ್ತಾರೆ. ಕೇಳುವ ರೀತಿಯಲ್ಲಿ ಈಗಲೂ ಅಪ್ಪಣೆಯ ಗತ್ತೇ ಇರುತ್ತದೆ, ನಿಜ. ಅಷ್ಟನ್ನು ಅವರಿಗೆ ಬಿಟ್ಟುಕೊಡೋಣ.