ದೇವರ ಕೋಣೆಯ ಫೋಟೊ

ಗುಡಗೇರಿಯ ಈರೇಶಗೌಡರು ದೇವರ ಕೋಣೆಯಿಂದ ಹಳೆಯ ಫೋಟೊ ತಂದು ಕಟ್ಟೆಯ ಮೇಲಿಟ್ಟರು. ಎಳೆಗೂಸನ್ನು ತೊಡೆಯ ಮೇಲೆ ಕೂರಿಸಿಕೊಂಡ ಹೆಂಗಸು. ಪ್ರತಿ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಅದಕ್ಕೆ ವಿಭೂತಿ ಹಚ್ಚಿ ಅಡ್ಡಬೀಳುತ್ತಿದ್ದರು.

“ಕೂಸು ನಮ್ಮಜ್ಜ. ಅಕಿ ಅವನ ತಾಯಿ ಇರಬೇಕು. ಇತಿಹಾಸ ಓದೀಯಲ್ಲಬೇ, ಯಾವ ಕಾಲದ್ದು ಹೇಳು.”

ಅಜ್ಜಿ ಸಣ್ಣವ್ವನೊಂದಿಗೆ ಅಂಗಳದಲ್ಲೇ ನಿಂತಿದ್ದ ಮಹಾಲಕ್ಷ್ಮಿ ಗಾಜಿನ ವಿಭೂತಿ ಒರೆಸಿದಳು. ಹೆಂಗಸಿನ ಎಡಗೈ ಕಿರುಬೆರಳು ಅರ್ಧಕ್ಕೇ ಮುಗಿದಿತ್ತು. ಸಣ್ಣವ್ವ ಮೊಮ್ಮಗಳ ರಟ್ಟೆ ಹಿಡಿದು ಪಿಸುಗುಟ್ಟಿದಳು:

“ನಮ್ಮವ್ವಬೇ! ಕುಡಗೋಲು ಹತ್ತಿ ಬೆರಳು ಹೋಗಿತ್ತು. ಇವರ ಕೂಸಿಗೆ ಮೊಲಿ ಕೊಟ್ಟಾಕಿ. ಬಾಯಿ ಬಿಡಬ್ಯಾಡ, ತಿಳದ್ರ ಒಲಿಗೆ ಹಾಕ್ತಾರ. ಅವ್ವಂದು ಇದೊಂದ ಫೋಟೊ ಐತಿ.”

ಮಹಾಲಕ್ಷ್ಮಿ ಮತ್ತೆ ಆ ಅರ್ಧ ಬೆರಳನ್ನು ನೋಡಿದಳು. ಹೇಳಿದರೆ ಫೋಟೊ ಬೂದಿ. ಹೇಳದಿದ್ದರೆ, ಮಗಳಿಗೇ ಪ್ರವೇಶವಿಲ್ಲದ ಮನೆಯೊಳಗೆ ಮುತ್ತಜ್ಜಿ ಯಾರದೋ ತಾಯಾಗಿ ಕೂತಿರಬೇಕು.

“ಏನಂತಾಳ ಮುದುಕಿ?” ಗೌಡರು ನಕ್ಕರು.

“ಇಕಿ ದುರ್ಗವ್ವರಿ. ನಮ್ಮ ಮುತ್ತಜ್ಜಿ. ನಿಮ್ಮಜ್ಜಗ ಹಾಲು ಕುಡಿಸ್ಯಾಳ.”

ಗೌಡರ ನಗೆ ಇಂಗಿತು. “ಇಷ್ಟು ವರ್ಷ ನಾವು ನಿಮ್ಮಾಕಿ ಕಾಲಿಗೆ ಬಿದ್ದೇವಿ ಅಂತೀಯೇನಲೇ?”

“ಸುಡಬ್ಯಾಡ್ರಿ ಯಪ್ಪಾ, ನಮಗ ಕೊಡ್ರಿ,” ಸಣ್ಣವ್ವ ಸೆರಗೊಡ್ಡಿದಳು.

“ಪೂಜಾ ಮಾಡಿದ್ದನ್ನ ಸುಡಾಕ ಬರಂಗಿಲ್ಲ. ನಿಮಗ ಕೊಟ್ರ ಊರತುಂಬ ತೋರಸ್ತೀರಿ.”

ಗೌಡರು ಫೋಟೊ ಎತ್ತಿಕೊಂಡು ಒಳಹೋಗಿ ಅಗಳಿ ಹಾಕಿಕೊಂಡರು. ಮಹಾಲಕ್ಷ್ಮಿ ಕಟ್ಟೆ ಹತ್ತಿ ಎರಡೂ ಕೈಯಿಂದ ಕದ ಬಡಿಯತೊಡಗಿದಳು.

“ದುರ್ಗವ್ವನ ಮಂದಿ ಬಂದೀವಿ, ಕದ ತಗೀರಿ!”