ಭಾಗೀರಥಿಬಾಯಿಯ ಕೀಲಿಗೊಂಚಲು

ಮುಂಬಯಿಯ ಸೂಳೆಗೇರಿಗೆ ಮಾರಾಟವಾಗಿದ್ದ ಕೊರ್ಲಹಳ್ಳಿಯ ತುಳಜವ್ವನನ್ನು ಪೊಲೀಸರು ಬಿಡಿಸಿ ತಂದು, ಗದಗಿನ ಭಾಗೀರಥಿಬಾಯಿಯ ಆಶ್ರಮಕ್ಕೆ ಒಪ್ಪಿಸಿ ವರ್ಷವಾಗಿತ್ತು. ಆಶ್ರಮವಂತೆ! ಊರಿನ ದೊಡ್ಡವರು ಬಂದಾಗಲೆಲ್ಲ ಆಕೆ ಇಂಥ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ, ಯಾರು ಮಾರಿದರು, ಹೇಗೆ ಮಾರಿದರು ಎಂದು ಅವರ ಬಾಯಿಂದಲೇ ಹೇಳಿಸುತ್ತಿದ್ದಳು. ದೊಡ್ಡವರು ಅವಲಕ್ಕಿ ಮೆಲ್ಲುತ್ತ, ಲೊಚಗುಟ್ಟುತ್ತ ಕೇಳುತ್ತಿದ್ದರು. ತುಳಜವ್ವನಿಗೆ ಅವರ ಕಣ್ಣೀರಿಗಿಂತ ಅವರ ತೇಗೇ ಖರೆ ಅನ್ನಿಸುತ್ತಿತ್ತು. ಉಳಿದ ಹೊತ್ತಿನಲ್ಲಿ ಬಾಯಿಯ ಮನೆಯ ಮುಸುರೆ ತಿಕ್ಕುವುದೇ ಈ ಹುಡುಗಿಯರಿಗೆ ಸಿಕ್ಕ ಉದ್ಧಾರ.

ಕನ್ನಡ ನಾಡು ಒಂದಾದ ದಿನ ಆಶ್ರಮದ ಅಂಗಳದಲ್ಲೇ ಸಭೆ ಸೇರಿತು. ನಾಡಿನ ಹಾಡು ಹಾಡಲು ಹುಡುಗಿಯರು ಹೊಸ ಸೀರೆಯುಟ್ಟು ಕೋಣೆಯಲ್ಲಿ ಕಾದಿದ್ದರು. ಭಾಗೀರಥಿಬಾಯಿ ಎಂದಿನ ರೂಢಿಯಂತೆ ಕೋಣೆಗೆ ಕೀಲಿ ಜಡಿದು, ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವೇದಿಕೆ ಹತ್ತಿದಳು.

“ಈ ತಂಗ್ಯಾರನ್ನ ನರಕದಾಗಿಂದ ಬಿಡಿಸೀವ್ರಿ. ಇನ್ನ ಇವ್ರು ಸ್ವತಂತ್ರ ಇದ್ದಾರ್ರಿ!” ಎಂದಳು. ಚಪ್ಪಾಳೆ ಬಿತ್ತು. “ಬರ್ರಿ ತಂಗೇರ, ಹಾಡ್ರಿ!”

ಯಾರೂ ಬರಲಿಲ್ಲ. ಮತ್ತೆ ಕರೆದಳು. ಸಭೆಯೆಲ್ಲ ತಿರುಗಿ ನೋಡಿತು. ಕಿಟಕಿಯ ಸರಳುಗಳ ಹಿಂದೆ ತುಳಜವ್ವ ನಿಂತಿದ್ದಳು.

“ಹೆಂಗ ಬರೋಣ್ರಿ ಬಾಯಾರ? ಕೀಲಿ ನಿಮ್ಮ ಸೊಂಟದಾಗ ಐತಲ್ರಿ.”

ಭಾಗೀರಥಿಬಾಯಿಯ ಮುಖ ಕಪ್ಪಿಟ್ಟಿತು. “ನಿಮ್ಮ ಜೋಪಾನಕ್ಕಂತನ ಹಾಕೀನವಾ,” ಎಂದು ತೊದಲಿದಳು.

ತುಳಜವ್ವ ನಕ್ಕಳು. “ಮುಂಬಯಿ ಯಜಮಾನತಿನೂ ಹಂಗ ಅಂತಿದ್ಲರಿ. ಕೀಲಿನೂ ಹಿಂಗ ಸೊಂಟಕ್ಕ ಸಿಗಿಸ್ಕೋತಿದ್ಲು. ಆದ್ರ ಪಾಪ, ಆಕಿ ಭಾಷಣ ಮಾಡ್ತಿದ್ದಿಲ್ರಿ.”